ಕೊಟ್ಟಿಗೆಯಲ್ಲಿದ್ದ ಯೆಜ್ಡಿ: ಮೈಸೂರಲ್ಲಿ ಹುಟ್ಟಿದ ಗಾಡಿಯ ಚರಿತ್ರೆ

ಯುಗಾದಿಗೆ ಕೊಟ್ಟಿಗೆಗೆ ಸುಣ್ಣ ಹೊಡೆಯುವಾಗ ಮೂಲೆಯಲ್ಲಿದ್ದ ಗಾಡಿಯನ್ನು ಆಚೆ ಎಳೆದೆವು. ಎರಡೂ ಟೈರು ಕೂತಿದ್ದವು. ಸೀಟಿನೊಳಗೆ ಇಲಿ ಗೂಡು, ಟ್ಯಾಂಕಿನ ಮೇಲೆ ಕೋಳಿ ಹಿಕ್ಕೆ. ಕಿಕ್ ತುಳಿದರೆ ಕಲ್ಲು ತುಳಿದ ಹಾಗೆ. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಅದೇ ವಾರ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಆರು ಸಾವಿರ ಅಂದ. ಹದಿನೈದು ದಿನ ಬಿಟ್ಟು ಬೆಂಗಳೂರಿಂದ ಕಾರಲ್ಲಿ ಬಂದ ಒಬ್ಬರು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಎಂಜಿನ್ ನಂಬರ್ ನೋಡಿ, ಮೂವತ್ತೈದು ಸಾವಿರ ಅಂದರು. ಸ್ಟಾರ್ಟೇ ಆಗದ ಗಾಡಿಗೆ!

ನಮಗೆ ಆಗ ಅನುಮಾನ ಬಂತು. ಅಪ್ಪ ಹಾಲು ಹಾಕುತ್ತಿದ್ದ ಗಾಡಿಯಲ್ಲಿ ಅವರಿಗೆ ಕಂಡದ್ದೇನು, ನಮಗೆ ಕಾಣದ್ದೇನು? ಮಾರುವ ಮಾತು ಪಕ್ಕಕ್ಕಿಟ್ಟು, ಮನೆಯ ಜಗಲಿಯಲ್ಲೇ ಬಿಚ್ಚಿ ಕೂತೆವು. ಒಂದೊಂದು ನಟ್ಟು ಬಿಚ್ಚಿದಂತೆ ಒಂದೊಂದು ಕಾಲದ ಸುದ್ದಿ ಆಚೆ ಬಂತು. ಹಳೇ ಗಾಡಿ ರಿಪೇರಿ ಮಾಡುವುದೆಂದರೆ ಹಳೇ ಕಡತ ಓದಿದ ಹಾಗೇ. ಓದುವ ಮುಂಚೆ ತೊಳೆದುಬಿಟ್ಟರೆ ಅಕ್ಷರ ಹೋಗಿಬಿಡುತ್ತೆ. ನಮ್ಮ ಅನುಭವವನ್ನೂ, ಈ ಗಾಡಿಯ ಚರಿತ್ರೆಯನ್ನೂ ಒಟ್ಟಿಗೆ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಬಂದೂಕಿನ ಕಾರ್ಖಾನೆಯಿಂದ ಬಂದ ಹೆಸರು

ಯೆಜ್ಡಿಗೆ ಮೊದಲು ಜಾವಾ. ಜಾವಾ ಅಂದರೆ ಇಂಡೋನೇಷ್ಯಾದ ದ್ವೀಪ ಅಲ್ಲ. ಯುರೋಪಿನ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ಇದ್ದರು. ಆಯುಧ ತಯಾರಿಸುವ ಕಾರ್ಖಾನೆ ಅವರದು. ಮೊದಲ ಮಹಾಯುದ್ಧ ಮುಗಿದ ಮೇಲೆ ಆಯುಧದ ವ್ಯಾಪಾರವನ್ನೇ ನೆಚ್ಚಿಕೊಂಡು ಕೂರುವ ಹಾಗಿರಲಿಲ್ಲ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡು ಗಾಡಿ ಮಾಡಲು ಶುರು ಮಾಡಿದರು. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಹೆಸರಾಯಿತು. ಅವರ ಭಾಷೆಯಲ್ಲಿ ಅದನ್ನು 'ಯಾವಾ' ಅಂತಲೇ ಕರೆಯುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ನಾವು ಜಾವಾ ಅಂದೆವು.

ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶ ಜರ್ಮನಿಯ ಕೈಯಲ್ಲಿತ್ತು. ಆಗಲೂ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಹೊಸ ಗಾಡಿಯೊಂದರ ಕೆಲಸ ನಡೆಸಿದ್ದರು. ಯುದ್ಧ ಮುಗಿದು 1946ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಆ ಗಾಡಿಯೇ ಪೆರಾಕ್. ಯುದ್ಧದ ನಂತರ ಕಾರ್ಖಾನೆ ಸರ್ಕಾರದ ವಶವಾಯಿತು. 1950ರ ದಶಕದ ನಡುಭಾಗದಲ್ಲಿ ಅಲ್ಲಿಂದ ಹೊರಟ 250 ಸಿಸಿ ಗಾಡಿಯ ಮಾದರಿ ಸಂಖ್ಯೆ 353. ನಮ್ಮ ಕಡೆಯ ಎಲ್ಲ 250 ಸಿಸಿ ಜಾವಾಗಳಿಗೂ ಅದೇ ತಾಯಿ.

ಯಾದವಗಿರಿಯ ಕಾರ್ಖಾನೆ

ಆ ಹೊತ್ತಿಗೆ ನಮ್ಮ ದೇಶ ವಿದೇಶಿ ಗಾಡಿಗಳನ್ನು ತರಿಸುವುದಕ್ಕೆ ಕಡಿವಾಣ ಹಾಕಿತ್ತು. ಇಲ್ಲಿ ಮಾರಬೇಕಾದರೆ ಇಲ್ಲೇ ಮಾಡಬೇಕು ಎಂಬ ನೀತಿ. ಮದ್ರಾಸಿನಲ್ಲಿ ಎನ್‌ಫೀಲ್ಡ್ ಆಗಲೇ ಶುರುವಾಗಿತ್ತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದಿಂದ ಲೈಸೆನ್ಸ್ ಪಡೆದು 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ನೆಲೆಯೂರಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಕಾರ್ಖಾನೆ ಉದ್ಘಾಟಿಸಿದರು.

ಮೈಸೂರಿಗೆ ಕಾರ್ಖಾನೆ ಹೊಸದಲ್ಲ. ರೇಷ್ಮೆ, ಗಂಧದೆಣ್ಣೆ, ಮತ ಹಾಕಿದ ಬೆರಳಿಗೆ ಹಚ್ಚುವ ಶಾಯಿ ಮಾಡುವ ಬಣ್ಣದ ಕಾರ್ಖಾನೆ, ಎಲ್ಲ ಇದ್ದವು. ಆದರೆ ಕಿಕ್ ಹೊಡೆದರೆ ಗುಡುಗುಡು ಅನ್ನುತ್ತ ನಮ್ಮೂರ ರಸ್ತೆಗೇ ಬಂದು ನಿಂತದ್ದು ಜಾವಾ.

ಈ ಗಾಡಿಯ ಕೆಲವು ಗುಣ ಬೇರೆ ಗಾಡಿಗಳಲ್ಲಿ ಅಪರೂಪ. ಗೇರೂ ಕಿಕ್ಕೂ ಒಂದೇ ಲಿವರ್. ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್. ಸ್ಟಾರ್ಟ್ ಆದ ಮೇಲೆ ಕೆಳಗಿಳಿದು ಮತ್ತೆ ಗೇರ್. ಕೈಯಲ್ಲಿ ಕ್ಲಚ್ ಹಿಡಿಯದೇ ಕಾಲಿನಿಂದಲೇ ಗೇರ್ ಬದಲಾಯಿಸಬಹುದು. ಲಿವರ್ ಅದುಮಿದಾಗ ಒಳಗೇ ಕ್ಲಚ್ ಬಿಡುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ವಾಲ್ವಿಲ್ಲ, ಕ್ಯಾಮ್ ಇಲ್ಲ. ಬಿಡಿಭಾಗ ಕಡಿಮೆ. ಆಲದ ಮರದ ಕೆಳಗೆ ಕೂತು ನಾಲ್ಕು ಸ್ಪ್ಯಾನರಿನಲ್ಲಿ ಹೆಡ್ ಬಿಚ್ಚಬಹುದು.

ಹಳ್ಳಿಯಲ್ಲಿ ಅದು ಬಾಳಿದ್ದು ಈ ಕೊನೆಯ ಗುಣಕ್ಕೆ.

ರಾಜ್ಯದ ಹೆಸರೂ ಬದಲಾಯ್ತು, ಗಾಡಿಯ ಹೆಸರೂ

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ 1973ರಿಂದ ಈ ಕಾರ್ಖಾನೆಯ ಗಾಡಿಗಳು ಜಾವಾ ಬದಲು ಯೆಜ್ಡಿ ಹೆಸರಲ್ಲಿ ಬರತೊಡಗಿದವು. ಇರಾನಿನ ಯಜ್ದ್ ನಗರದಿಂದ ಆ ಹೆಸರು ಬಂತು ಎನ್ನುತ್ತಾರೆ. ಇರಾನಿ ಕುಟುಂಬದಂಥ ಪಾರಸಿ ಧರ್ಮದವರಿಗೆ ಯಜ್ದ್ ಹಳೆಯ ನೆಲೆ.

ಆಮೇಲೆ ಆಯಿಲ್ ಕಿಂಗ್, ಕ್ಲಾಸಿಕ್, ಡಿಲಕ್ಸ್, ಮೊನಾರ್ಕ್, ಎಲ್ಲಕ್ಕಿಂತ ಹೆಸರು ಮಾಡಿದ ರೋಡ್‌ಕಿಂಗ್. ಹೆಸರು ಹಲವು, ಆದರೆ ಮೂಲ ಎಂಜಿನ್ನಿನ ಅಳತೆ ಅದೇ: 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್.

ನಮ್ಮ ಗಾಡಿಯ ಆರ್‌ಸಿ ಪುಸ್ತಕದಲ್ಲಿ 1975 ಅಂತಿದೆ. ಕೆಎ ಬರುವ ಮುಂಚಿನ ಮೂರಕ್ಷರದ ನಂಬರ್. ಮೊದಲ ಮಾಲೀಕರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಅವರಿಂದ ಅಪ್ಪ ತಗೊಂಡದ್ದು 1986ರಲ್ಲಿ. ಮೇಷ್ಟ್ರ ಹತ್ತಿರ ಇದ್ದಾಗ ಅದು ಪಂಚೆಗೆ ಮಸಿ ತಾಗದ ಹಾಗೆ ಒರೆಸಿಟ್ಟ ಗಾಡಿ. ಅಪ್ಪನ ಹತ್ತಿರ ಬಂದ ಮೇಲೆ ಎತ್ತಿನ ಹಾಗೆ ದುಡಿಯಿತು. ಬೆಳಗ್ಗೆ ಸಂಜೆ ಡೈರಿಗೆ ಎರಡು ಕ್ಯಾನ್ ಹಾಲು. ಮಧ್ಯಾಹ್ನ ಹಸಿ ಹುಲ್ಲಿನ ಹೊರೆ. ಸೊಸೈಟಿಯಿಂದ ಯೂರಿಯಾ ಮೂಟೆ. ಅವ್ವನನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದದ್ದೂ ಅದೇ. ನಮ್ಮ ತಮ್ಮ ಹುಟ್ಟಿದ ದಿನ ಅದು.

ಬಾಗಿಲು ಹಾಕಿದ್ದು ಯಾಕೆ?

1980ರ ದಶಕದ ನಡುವೆ ಜಪಾನಿನ ಕಂಪನಿಗಳು ಇಲ್ಲಿನವರ ಜೊತೆ ಕೈಜೋಡಿಸಿದವು. ಸುಜುಕಿ, ಯಮಾಹಾ, ಹೋಂಡಾ, ಕವಾಸಕಿ. ಎಲ್ಲವೂ 100 ಸಿಸಿಯ ಹಗುರ ಗಾಡಿ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ತಾಪತ್ರಯ ಇಲ್ಲ, ಹೊಗೆ ಇಲ್ಲ, ಒಂದು ಲೀಟರಿಗೆ ಯೆಜ್ಡಿ ಹೋಗುವುದರ ಎರಡು ಪಟ್ಟಿಗಿಂತ ದೂರ ಹೋಗುತ್ತಿತ್ತು. ಹಾಲಿನ ದುಡ್ಡು ಎಣಿಸುವವನಿಗೆ ಇದು ಸಣ್ಣ ಮಾತಲ್ಲ.

1991ರಲ್ಲಿ ಹೊಗೆಯ ಮೇಲೆ ಸರ್ಕಾರದ ನಿಯಮ ಬಂತು. 1996ರಲ್ಲಿ ಅದು ಇನ್ನೂ ಬಿಗಿಯಾಯಿತು. ಮೂಲ ವಿನ್ಯಾಸ 1950ರ ದಶಕದ್ದು. ಅದನ್ನು ಈ ನಿಯಮಕ್ಕೆ ಹೊಂದಿಸುವುದು ಸುಲಭದ ಮಾತಾಗಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ನಮ್ಮ ಅಪ್ಪನೂ 1998ರಲ್ಲಿ ಸೆಕೆಂಡ್ ಹ್ಯಾಂಡ್ ಹೀರೋ ಹೋಂಡಾ ತಂದರು. ಯೆಜ್ಡಿ ಕೊಟ್ಟಿಗೆ ಸೇರಿತು. ಕಾರ್ಖಾನೆ ಮುಚ್ಚಿದ ಕಾರಣ ಪೇಪರಿನಲ್ಲಿ ಏನೇ ಬಂದಿರಲಿ, ನಮ್ಮ ಮನೆಯಲ್ಲಿ ಅದರ ಲೆಕ್ಕ ಪೆಟ್ರೋಲ್ ಚೀಟಿಯಲ್ಲೇ ಇತ್ತು.

2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಮಹೀಂದ್ರಾ ಹಿಂದೆ ನಿಂತಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯದು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಇಡುವ ಹಳೇ ರೂಢಿಯನ್ನೂ ಉಳಿಸಿಕೊಂಡರು. ಆದರೆ ಎಂಜಿನ್ ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಮೈಸೂರಿಗೆ ಬರಲಿಲ್ಲ. ಮೈಸೂರಿನ ಕೈಗಳು ಜೋಡಿಸಿದ ಗಾಡಿಗಳು ಈಗ ಉಳಿದಿರುವಷ್ಟೇ. ಅವುಗಳಲ್ಲಿ ಎಷ್ಟೋ ನಮ್ಮಂಥವರ ಕೊಟ್ಟಿಗೆಯಲ್ಲಿವೆ.

ಜಗಲಿಯ ಮೇಲೆ ಬಿಚ್ಚಿದಾಗ

ನಮ್ಮ ಹೋಬಳಿ ಪೇಟೆಯಲ್ಲಿ ನಲವತ್ತು ವರ್ಷದಿಂದ ಸ್ಪ್ಯಾನರ್ ಹಿಡಿದಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಈಗ ಕಣ್ಣು ಮಂಜು, ಅಂಗಡಿ ಮಗನದು. ಅವರನ್ನು ಭಾನುವಾರ ಭಾನುವಾರ ಮನೆಗೆ ಕರೆತಂದೆವು. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ನಾವು ಬಿಚ್ಚುವುದು.

ಮೊದಲ ದಿನ ಸುತ್ತಿಗೆ ತಂದಿದ್ದಕ್ಕೆ ಬೈದರು. "ನೋಡ್ರಪ್ಪ, ಹಿಡ್ಕೊಂಡಿರೋ ಪಿಸ್ಟನ್ನ ಹೊಡುದ್ರೆ ಒಡುದೋಯ್ತದೆ. ಕಾಯ್ಬೇಕು." ಪ್ಲಗ್ ತೆಗೆದು ಆ ತೂತಿನಲ್ಲಿ ಡೀಸೆಲ್ಲೂ ಆಯಿಲೂ ಬೆರೆಸಿ ಹುಯ್ದು ಎಂಟು ದಿನ ಬಿಟ್ಟೆವು. ಒಂಬತ್ತನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿದಾಗ ಒಳಗೆ ಏನೋ ಬಿಟ್ಟುಕೊಂಡಿತು.

ಬೋರ್ ಸವೆದಿತ್ತು. ಲೇತಿನಲ್ಲಿ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಿದೆವು. ಕ್ರ್ಯಾಂಕಿನ ಆಯಿಲ್ ಸೀಲುಗಳು ಕಲ್ಲಾಗಿದ್ದವು. ಈ ಸೀಲು ಹಾಳಾದರೆ ಗೇರ್‌ಬಾಕ್ಸಿನ ಆಯಿಲ್ ಎಂಜಿನ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬರುತ್ತದೆ. ಎಷ್ಟೋ ಜನ ಬೋರ್ ಹೋಗಿದೆ ಅಂತ ತಪ್ಪು ತಿಳಿದು ದುಡ್ಡು ಕಳೆಯುವುದು ಇಲ್ಲೇ.

ಟ್ಯಾಂಕಿನ ತುಕ್ಕಿಗೆ ಅವ್ವನ ಔಷಧಿ ಸಾಕಾಯಿತು. ಹುಣಸೆ ಹುಳಿ ನೀರು ತುಂಬಿ ಎರಡು ದಿನ ಬಿಟ್ಟು, ಒಳಗೆ ಸಣ್ಣ ಸರಪಳಿ ಹಾಕಿ ಕುಲುಕಿ, ತೊಳೆದು ಬಿಸಿಲಿಗೆ ಇಟ್ಟೆವು. ಒಣಗಿದ ತಕ್ಷಣ ಆಯಿಲ್ ಸವರಬೇಕು, ಇಲ್ಲದಿದ್ದರೆ ಮರುದಿನವೇ ಮತ್ತೆ ತುಕ್ಕು. ಟ್ಯಾಂಕ್ ತೂತಿದ್ದರೆ ಮನೆಯಲ್ಲಿ ವೆಲ್ಡ್ ಮಾಡಲು ಹೋಗಬೇಡಿ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ, ಸಿಡಿಯುತ್ತದೆ.

ಸೈಲೆನ್ಸರ್ ಒಳಗೆ ಕರಿ ಕಟ್ಟಿ ಉಸಿರುಗಟ್ಟಿತ್ತು. ಮುಂಚೆ ಅದನ್ನು ಬೆಂಕಿಗೆ ಹಾಕಿ ಸುಡುತ್ತಿದ್ದರು. ನಾವು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿದೆವು. ಕೈಗೆ ತಾಗಿದರೆ ಸುಡುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಕೈಗವಸು ಬೇಕು, ಮಕ್ಕಳು ದೂರ ಇರಬೇಕು.

ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಮಿಲಿಲೀಟರ್ ಟೂಟಿ ಆಯಿಲ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು ಬೇಗ ಹಾಳಾಗುತ್ತದೆ, ಟ್ಯಾಂಕ್ ನೀರೆಳೆಯುತ್ತದೆ. ಪೈಪು ಹೊಸದು ಹಾಕಿ, ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಯಾವ ವರ್ಷಕ್ಕೆ ವಾಪಸ್ ಒಯ್ಯೋದು?

ಎಂಜಿನ್ ಕೆಲಸದಲ್ಲಿ ಗೊಂದಲ ಇರಲಿಲ್ಲ. ಗೊಂದಲ ಬಂದದ್ದು ಮೈಕಟ್ಟಿನಲ್ಲಿ.

ಟ್ಯಾಂಕಿನ ಮೇಲಿನ ನೀಲಿ ಬಣ್ಣ ಕೆರೆದಾಗ ಕೆಳಗೆ ಕಪ್ಪು, ಅದರ ಕೆಳಗೆ ಕೆಂಗಂದು ಬಣ್ಣ. ಟ್ಯಾಂಕಿನ ಮೇಲೆ ಯೆಜ್ಡಿ ಅಂತಿದ್ದರೆ ಎಂಜಿನ್ನಿನ ಒಂದು ಕವರ್ ಮೇಲೆ ಜಾವಾ ಅಂತ ಎರಕದ ಅಕ್ಷರ. ಯಾವಾಗಲೋ ಬಿದ್ದು ಕವರ್ ಒಡೆದಾಗ ಹಳೇ ಗಾಡಿಯ ಕವರ್ ಹಾಕಿದ್ದಾರೆ. ಹೆಡ್‌ಲೈಟಿಗೆ 6 ವೋಲ್ಟ್ ಸಾಲದೆ 12 ವೋಲ್ಟ್ ಮಾಡಿಸಿದ್ದಾರೆ. ಹಿಂದೆ ಎರಡೂ ಕಡೆ ಹಾಲಿನ ಕ್ಯಾನ್ ಕೂರಿಸಲು ಕಬ್ಬಿಣದ ಪಟ್ಟಿಯ ಸ್ಟ್ಯಾಂಡ್. ಊರ ವೆಲ್ಡಿಂಗ್ ಅಂಗಡಿಯ ಕೆಲಸ, ಕ್ಲಾಂಪಿನಲ್ಲಿ ಬಿಗಿದದ್ದು.

ಬಣ್ಣಕ್ಕೆ ಕೊಡಲು ಹೋದಾಗ ಪೇಂಟಿನವನು, "ಕಂಪನಿ ಕಂಡೀಷನ್ ಬೇಕು ಅಂದ್ರೆ ಈ ಸ್ಟ್ಯಾಂಡು ಗುಜರಿಗ್ ಹಾಕಿ ಸಾರ್" ಅಂದ. ನಮ್ಮ ತಮ್ಮನಿಗೆ ಬೇರೆಯೇ ಆಸೆ. ಮಡ್‌ಗಾರ್ಡ್ ಕತ್ತರಿಸಿ, ಅಗಲದ ಟೈರ್ ಹಾಕಿ, ಮೊಬೈಲಿನಲ್ಲಿ ನೋಡಿದ ಹಾಗೆ ಮಾಡಬೇಕು. ನಮಗೆ 1975ರ ಶೋರೂಮ್ ಗಾಡಿ ಬೇಕಿತ್ತು. ಮೂರು ದಿನ ಇದೇ ಜಗಳ.

ಅಪ್ಪ ಅಲ್ಲಿವರೆಗೂ ಏನೂ ಅಂದಿರಲಿಲ್ಲ. ಮೂರನೇ ದಿನ ಹುಲ್ಲು ಹಾಕಿ ಬಂದವರು ಸ್ಟ್ಯಾಂಡ್ ಎತ್ತಿ ನೋಡಿ, "ಇದುನ್ನ ಕಿತ್ತಾಕುದ್ರೆ ಅದು ಮೇಷ್ಟ್ರು ಗಾಡಿ ಆಯ್ತದೆ ಕಣ್ರೋ. ನಮ್ಮದೆಂಗಾಯ್ತದೆ?" ಅಂದು ಕೈ ತೊಳೆಯಲು ಹೋದರು.

ಆ ಮಾತು ನಮಗೆ ತಟ್ಟಿತು. ನಾವು ಹುಡುಕುತ್ತಿದ್ದ ಚರಿತ್ರೆ ಕಾರ್ಖಾನೆಯ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಗಾಡಿ ಮೈಸೂರಿನಲ್ಲಿ ತಯಾರಾದದ್ದು ಮೊದಲ ಅಧ್ಯಾಯ ಅಷ್ಟೇ. ಆಮೇಲೆ ಅದನ್ನು ಹಾಲಿಗೆ, ಹುಲ್ಲಿಗೆ, ಕತ್ತಲ ರಸ್ತೆಗೆ ಒಗ್ಗಿಸಿದವರು ಊರಿನ ಜನ. 12 ವೋಲ್ಟ್ ಬಲ್ಬು, ಕ್ಯಾನ್ ಸ್ಟ್ಯಾಂಡು ಇವು ಕೂಡ ಮಾರ್ಪಾಡೇ. ಆದರೆ ಚಂದಕ್ಕೆ ಮಾಡಿದ್ದಲ್ಲ, ಬದುಕಿಗೆ ಮಾಡಿದ್ದು. ಬೆಂಗಳೂರಿನವರು ಬೆಲೆ ಕಟ್ಟಿದ್ದು ಮೊದಲ ಅಧ್ಯಾಯಕ್ಕೆ. ಎರಡನೆಯದಕ್ಕೆ ಬೆಲೆ ಕಟ್ಟಬೇಕಾದವರು ನಾವೇ.

ಕೊನೆಗೆ ಮಾಡಿದ್ದು ಹೀಗೆ. ಎಲ್ಲಕ್ಕಿಂತ ಕೆಳಗೆ ಸಿಕ್ಕ ಕೆಂಗಂದು ಬಣ್ಣವನ್ನೇ ಹೊಡೆಸಿದೆವು. ಆದರೆ ಟ್ಯಾಂಕಿನ ತಳಭಾಗದಲ್ಲಿ ಅಂಗೈಯಗಲ ಜಾಗದಲ್ಲಿ ಹಳೇ ಮೂರು ಬಣ್ಣದ ಪದರ ಹಾಗೇ ಬಿಟ್ಟೆವು. ಜಾವಾ ಕವರ್ ಹಾಗೇ ಇದೆ. ಕ್ಯಾನ್ ಸ್ಟ್ಯಾಂಡಿನ ತುಕ್ಕು ಉಜ್ಜಿ ಕಪ್ಪು ಬಣ್ಣ ಹೊಡೆದು ಅದರ ಜಾಗಕ್ಕೇ ಬಿಗಿದೆವು. ತಮ್ಮನ ಸಮಾಧಾನಕ್ಕೆ ಒಂದು ಹೊಸ ಹಾರ್ನ್.

ನಂಬರ್ ಮುಚ್ಚಿಹೋದ ಕಥೆ

ಒಂದು ತಪ್ಪು ಮಾಡಿದೆವು. ಇದನ್ನು ಓದುವವರು ಮಾಡದಿರಲಿ ಅಂತ ಹೇಳುತ್ತೇವೆ.

ಚಾಸಿಯನ್ನು ಪೌಡರ್ ಕೋಟಿಂಗಿಗೆ ಕೊಟ್ಟೆವು. ಮುದ್ರೆ ಹೊಡೆದ ನಂಬರ್ ಮೇಲೆ ಟೇಪ್ ಹಾಕಿ ಅಂತ ಹೇಳಲಿಲ್ಲ. ದಪ್ಪ ಕೋಟಿಂಗ್ ಅಕ್ಷರದೊಳಗೆ ತುಂಬಿಕೊಂಡಿತು. ಆರ್‌ಸಿ ನವೀಕರಣಕ್ಕೆ ಒಯ್ದಾಗ ಪೆನ್ಸಿಲ್ ಉಜ್ಜಿ ನಂಬರಿನ ಪ್ರಿಂಟ್ ತೆಗೆಯಬೇಕು. ಕಾಗದದ ಮೇಲೆ ಏನೂ ಮೂಡಲಿಲ್ಲ. ಗಾಡಿ ಎದುರಿಗೇ ಇದೆ, ಪುಸ್ತಕ ಕೈಯಲ್ಲೇ ಇದೆ, ಆದರೂ ಇದು ಅದೇ ಗಾಡಿ ಅಂತ ಸಾಬೀತು ಮಾಡಲಾಗಲಿಲ್ಲ. ಮನೆಗೆ ತಂದು, ಪೇಂಟ್ ತೆಗೆಯುವ ದ್ರಾವಣ ಹಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಅಂಕಿ ಬಿಡಿಸಿಕೊಂಡೆವು. ಉಪ್ಪುಕಾಗದ, ಅರ ಮುಟ್ಟಿಸಲಿಲ್ಲ. ನಂಬರ್ ಸವೆದರೆ ಗಾಡಿ ಕಳ್ಳಮಾಲಾಗುತ್ತದೆ.

ನೆನಪಿಡಬೇಕಾದ ಕಾನೂನು ಇಷ್ಟು. ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಚಾಸಿ ಕತ್ತರಿಸುವ ಮಾತು ಬಿಟ್ಟುಬಿಡಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ, ನಂಬರಿನಲ್ಲಿ ವಿಎ ಅಕ್ಷರ ಇರುತ್ತದೆ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಹೊಲಕ್ಕೂ ಪೇಟೆಗೂ ಓಡಿಸುವ ಆಸೆ ಇದ್ದರೆ ಹಳೇ ಆರ್‌ಸಿಯನ್ನೇ ಜೀವಂತ ಇಟ್ಟುಕೊಳ್ಳುವುದು ಲೇಸು.

ಬಿಚ್ಚುವ ಮುಂಚೆ

ನಿಮ್ಮ ಮನೆಯಲ್ಲೂ ಜಾವಾ, ಯೆಜ್ಡಿ, ರಾಜದೂತ್, ಯಾವುದೇ ಹಳೇ ಗಾಡಿ ಇದ್ದರೆ ಮೊದಲು ಮೊಬೈಲ್ ತೆಗೆಯಿರಿ. ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣದ ಪದರ, ವೈರ್ ಹೋಗಿರುವ ದಾರಿ, ಊರಲ್ಲಿ ಮಾಡಿಸಿದ ಸಣ್ಣಪುಟ್ಟ ಕಬ್ಬಿಣದ ಕೆಲಸ, ಎಲ್ಲದರ ಫೋಟೊ ತೆಗೆಯಿರಿ. ಆರ್‌ಸಿ ಪುಸ್ತಕದ ಪ್ರತಿ ಪುಟವನ್ನೂ ತೆಗೆಯಿರಿ. ಆಮೇಲೆ ಓಡಿಸಿದವರನ್ನು ಕೂರಿಸಿ ಕೇಳಿ. ಹಳೇ ಮೆಕ್ಯಾನಿಕ್ ಇದ್ದರೆ ಒಂದು ಭಾನುವಾರ ಕರೆದು ಊಟ ಹಾಕಿ. ಬಿಡಿಭಾಗ ಎಲ್ಲಾದರೂ ಸಿಗುತ್ತದೆ, ಅವರ ಕೈಯಲ್ಲಿರುವ ವಿದ್ಯೆ ಸಿಗುವುದಿಲ್ಲ.

ನಮ್ಮ ಗಾಡಿ ದೀಪಾವಳಿಯ ಹಿಂದಿನ ಸಂಜೆ ಸ್ಟಾರ್ಟ್ ಆಯಿತು. ಏಳನೇ ಕಿಕ್ಕಿಗೆ. ಮೆಕ್ಯಾನಿಕ್ ಯಜಮಾನರು ಕಣ್ಣು ಮುಚ್ಚಿ ಸದ್ದು ಕೇಳಿ, "ಪಾಯಿಂಟ್ ಒಸಿ ಹತ್ರ ಅದೆ, ಸರಿ ಮಾಡಿ" ಅಂದರು. ಪಾಯಿಂಟಿನ ಅಂತರ 0.4 ಮಿಲಿಮೀಟರ್ ಇರಬೇಕು. ಅಳತೆ ಪಟ್ಟಿ ಹಾಕಿ ನೋಡಿದರೆ ಅವರು ಹೇಳಿದ್ದೇ ಸರಿ.

ಮಾರನೇ ದಿನ ಬೆಳಗ್ಗೆ ಅಪ್ಪ ಯಾರಿಗೂ ಹೇಳದೆ ಒಂದು ಕ್ಯಾನ್ ಏರಿಸಿಕೊಂಡು ಡೈರಿಗೆ ಹೋಗಿದ್ದರು. ವಾಪಸ್ ಬಂದವರು ಒಂದೇ ಮಾತು ಅಂದದ್ದು: "ಒಂದ್ ಕಡೆ ಕ್ಯಾನ್ ಆದ್ರೆ ಎಳೀತದೆ. ಇನ್ನೊಂದು ಹುಡುಕಿ."

ಅಟ್ಟದ ಮೇಲೆ ಹುಡುಕುತ್ತಿದ್ದೇವೆ.